ಆಪ್ತರಕ್ಷಕ: ನಾಗವಲ್ಲಿ ಎರಡನೇ ಸಲ ಎದ್ದ ಕಥೆ

ಪಿ. ವಾಸು ನಿರ್ದೇಶನದ ‘ಆಪ್ತರಕ್ಷಕ’ ತೆರೆಕಂಡದ್ದು 2010ರ ಫೆಬ್ರುವರಿ 19ರಂದು. 2004ರಲ್ಲಿ ಕನ್ನಡ ಚಿತ್ರರಂಗವನ್ನೇ ಅಲ್ಲಾಡಿಸಿದ ‘ಆಪ್ತಮಿತ್ರ’ದ ಮುಂದಿನ ಭಾಗ ಇದು. ವಿಷ್ಣುವರ್ಧನ್ ಅವರ 200ನೆಯ ಚಿತ್ರವೆಂದು ಪ್ರಚಾರ ಮಾಡಲಾಗಿತ್ತು. ಪೋಸ್ಟರುಗಳು ಗೋಡೆ ಹತ್ತುವ ಹೊತ್ತಿಗೆ ನಾಯಕ ಇರಲಿಲ್ಲ. ದೆವ್ವ, ದೈತ್ಯ ಸರ್ಪ, ಸಾಯದ ರಾಜ ಎಲ್ಲವೂ ಇರುವ ಈ ಚಿತ್ರದ ತೆರೆಯ ಹಿಂದಿನ ಕಥೆ ತೆರೆಯ ಮೇಲಿನದಕ್ಕಿಂತ ಗಟ್ಟಿಯಾದದ್ದು.

ಮೂಲ ಎಲ್ಲಿಯದು?

ಎರಡೂ ಚಿತ್ರಗಳನ್ನು ಕಾಡುವ ನರ್ತಕಿ ನಾಗವಲ್ಲಿ ಕನ್ನಡದಲ್ಲಿ ಹುಟ್ಟಿದವಳಲ್ಲ. ಫಾಜಿಲ್ ನಿರ್ದೇಶಿಸಿ, ಮಧು ಮುಟ್ಟಂ ಬರೆದ 1993ರ ಮಲಯಾಳಂ ಚಿತ್ರ ‘ಮಣಿಚಿತ್ರತಾಳ್’ ಅವಳ ತವರು. ತಂಜಾವೂರಿನ ನರ್ತಕಿಯೊಬ್ಬಳನ್ನು ಮನೆಯ ಯಜಮಾನ ಕೊಂದ ಹಳೆಯ ಕಥೆ, ಬೀಗ ಜಡಿದ ಕೋಣೆ, ಆ ಕಥೆಯನ್ನೇ ಮೈಮೇಲೆ ಎಳೆದುಕೊಳ್ಳುವ ಈ ಕಾಲದ ಹೆಣ್ಣು, ಅವಳನ್ನು ಬಿಡಿಸುವ ಮನೋವೈದ್ಯ. ಆ ಪಾತ್ರಕ್ಕೆ ಶೋಭನಾ ರಾಷ್ಟ್ರಪ್ರಶಸ್ತಿ ಪಡೆದರು. ಪದ್ಮನಾಭಪುರಂ ಅರಮನೆಯಲ್ಲೂ ತ್ರಿಪ್ಪೂಣಿತ್ತುರದ ಹಿಲ್ ಪ್ಯಾಲೇಸಿನಲ್ಲೂ ಅದರ ಚಿತ್ರೀಕರಣ ನಡೆದಿತ್ತು.

ಹನ್ನೊಂದು ವರ್ಷದ ಮೇಲೆ ಅದನ್ನು ಕನ್ನಡಕ್ಕೆ ತಂದವರು ದ್ವಾರಕೀಶ್. ಸಾಲು ಸಾಲು ಸೋಲುಗಳಿಂದ ಕೈಸುಟ್ಟುಕೊಂಡಿದ್ದ ನಿರ್ಮಾಪಕ ಅವರು. ಒಂದು ಕಾಲದ ಜೀವದ ಗೆಳೆಯ ವಿಷ್ಣುವರ್ಧನ್ ಜೊತೆ ಮಾತು ಮುರಿದು ಬಹಳ ವರ್ಷವಾಗಿತ್ತು. ಇಬ್ಬರೂ ಮತ್ತೆ ಒಂದಾದದ್ದು ‘ಆಪ್ತಮಿತ್ರ’ಕ್ಕೆ. ಚಿತ್ರ ಗೆದ್ದು ದ್ವಾರಕೀಶರನ್ನು ಎತ್ತಿ ನಿಲ್ಲಿಸಿತು.

ವಾಸು ಮಾಡಿದ ದೊಡ್ಡ ಬದಲಾವಣೆ ಒಂದಿದೆ. ಮಲಯಾಳಂನಲ್ಲಿ ಕೊಲೆಗಾರ ಯಜಮಾನ ಬರೀ ಹಿನ್ನೆಲೆಯ ನೆರಳು. ಕನ್ನಡದಲ್ಲಿ ಅವನು ವಿಜಯ ರಾಜೇಂದ್ರ ಬಹದ್ದೂರ್ ಎಂಬ ರಾಜನಾದ. ಡಾಕ್ಟರ್ ವಿಜಯ್ ಪಾತ್ರದ ವಿಷ್ಣುವರ್ಧನ್ ಅವರೇ ರಾಜನ ವೇಷ ಹಾಕಿ ‘ಹೌಲಾ ಹೌಲಾ’ ಎಂದು ಕೂಗಿದರು. ಕಥೆಗೆ ಇಷ್ಟು ದೊಡ್ಡ ರಾಜ ಬೇಕಾಗಿರಲಿಲ್ಲ, ಥಿಯೇಟರಿಗೆ ಬೇಕಾಗಿತ್ತು. ಮರುವರ್ಷ ತಮಿಳಿನ ‘ಚಂದ್ರಮುಖಿ’ಯಲ್ಲಿ ರಜನೀಕಾಂತ್ ‘ಲಕಲಕ’ ಎಂದದ್ದು ಇದೇ ಹಾದಿಯಲ್ಲಿ. ಎರಡನೇ ಭಾಗದ ಬೀಜ ಬಿದ್ದದ್ದೂ ಇಲ್ಲೇ.

ಮೊದಲ ಸಾವು

‘ಆಪ್ತಮಿತ್ರ’ದಲ್ಲಿ ನಾಗವಲ್ಲಿಯನ್ನು ಮೈಮೇಲೆ ಎಳೆದುಕೊಳ್ಳುವ ಗಂಗಾ ಆದವರು ಸೌಂದರ್ಯ. ಹೊರಗೆ ಹೋಗಬೇಡ ಎಂದು ಗಂಡ ತಡೆದ ಕೂಡಲೇ ಅವಳ ಮುಖ ಬದಲಾಗುವ ದೃಶ್ಯ ನೆನಪಿದೆಯಲ್ಲ? ಮೊದಲು ಹೆಂಡತಿಯ ಸಾಮಾನ್ಯ ಸಿಟ್ಟು, ಆಮೇಲೆ ಕಣ್ಣು ಒಂದೇ ಕಡೆ ನೆಡುತ್ತದೆ, ಆಮೇಲೆ ದನಿ ಬೇರೆಯಾಗುತ್ತದೆ, ಕೊನೆಗೆ ಕೈ ಮಂಚವನ್ನೇ ಎತ್ತುತ್ತದೆ. ಮೇಕಪ್ಪಿನ ಸಹಾಯವಿಲ್ಲದೆ ನಡೆಯುವ ರೂಪಾಂತರ ಅದು. ಮುಂದೆ ಬಂದ ಯಾವ ಗ್ರಾಫಿಕ್ಸ್ ಹಾವೂ ಅಷ್ಟು ಹೆದರಿಸಲಿಲ್ಲ.

2004ರ ಏಪ್ರಿಲ್ 17ರಂದು ಚುನಾವಣಾ ಪ್ರಚಾರಕ್ಕೆ ಹೊರಟಿದ್ದ ಸಣ್ಣ ವಿಮಾನ ಬೆಂಗಳೂರಿನ ಜಕ್ಕೂರಿನಿಂದ ಮೇಲೇರಿದ ಸ್ವಲ್ಪ ಹೊತ್ತಿಗೇ ಬಿದ್ದು ಸೌಂದರ್ಯ ತೀರಿಕೊಂಡರು. ಚಿತ್ರ ಬಿಡುಗಡೆಯಾದದ್ದು ಅದೇ ವರ್ಷ ಆಗಸ್ಟ್ 27ಕ್ಕೆ. ಜನ ನೋಡಿದ್ದು ಬದುಕಿಲ್ಲದ ನಟಿ ಬದುಕಿಲ್ಲದ ನರ್ತಕಿಯಾಗಿ ಕುಣಿದದ್ದನ್ನು.

ಮುಗಿದ ಲೆಕ್ಕ ಮತ್ತೆ ತೆರೆಯುವುದು ಹೇಗೆ?

ಭೂತದ ಚಿತ್ರಕ್ಕೆ ಎರಡನೇ ಭಾಗ ಬರೆಯುವವನ ಮೊದಲ ತಲೆನೋವು ಇದು. ‘ಆಪ್ತಮಿತ್ರ’ದಲ್ಲಿ ನಿಜವಾಗಿ ದೆವ್ವವೇ ಇಲ್ಲ. ಕೊನೆಗೆ ಹಲಗೆ ತಿರುಗುತ್ತದೆ, ಡಾಕ್ಟರ್ ಮಲಗಿದ್ದ ಜಾಗಕ್ಕೆ ಬೊಂಬೆ ಬರುತ್ತದೆ, ಗಂಗಾ ಬೊಂಬೆಯ ಮೇಲೆ ಸೇಡು ತೀರಿಸಿಕೊಂಡು ಗುಣವಾಗುತ್ತಾಳೆ. ರೋಗಿ ಗುಣವಾದ ಮೇಲೆ ಡಾಕ್ಟರಿಗೇನು ಕೆಲಸ?

ಬಾದಾಮಿ ಸೀಮೆಯವರಿಗೆ ಈ ತೊಡಕು ಹೊಸದಲ್ಲ. ಅವರ ಊರಿನ ಹಳೆಯ ಹೆಸರೇ ವಾತಾಪಿ. ಅಣ್ಣ ಇಲ್ವಲ ಕರೆದಾಗಲೆಲ್ಲ ಉಂಡವರ ಹೊಟ್ಟೆ ಸೀಳಿಕೊಂಡು ಎದ್ದು ಬರುತ್ತಿದ್ದ ರಾಕ್ಷಸ ಅವನು. ಅಗಸ್ತ್ಯರು ಅರಗಿಸಿಕೊಂಡುಬಿಟ್ಟಿದ್ದರಿಂದ ಮುಂದಿನ ಭಾಗ ಬರಲಿಲ್ಲ, ಅಷ್ಟೆ. ಸಿನಿಮಾದಲ್ಲಿ ಅಗಸ್ತ್ಯರಿಗೆ ಜಾಗವಿಲ್ಲ, ಇಲ್ವಲರೇ ಹೆಚ್ಚು.

ಜಪಾನಿನ ಟೋಹೋ ಕಂಪನಿಗೂ 1954ರ ಕೊನೆಗೆ ಇದೇ ಕಷ್ಟ ಬಂದಿತ್ತು. ಆ ನವೆಂಬರ್ 3ರಂದು ತೆರೆಕಂಡ ‘ಗಾಡ್ಜಿಲ್ಲಾ’ದ ಕೊನೆಗೆ ದೈತ್ಯ ಸಮುದ್ರದಡಿ ಕರಗಿಹೋಗಿತ್ತು. ಅದನ್ನು ಕೊಂದ ಅಸ್ತ್ರದ ಗುಟ್ಟೂ ವಿಜ್ಞಾನಿಯ ಜೊತೆಗೇ ಮುಳುಗಿತ್ತು. ಟೋಹೋ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ, ಇನ್ನೊಂದು ಗಾಡ್ಜಿಲ್ಲಾ ಇದೆ ಎಂದುಬಿಟ್ಟಿತು. ‘ಗಾಡ್ಜಿಲ್ಲಾ ರೇಡ್ಸ್ ಅಗೇನ್’ ಎಂದು ಹೊರಗೆ ಹೆಸರಾದ ಆ ಚಿತ್ರ 1955ರ ಏಪ್ರಿಲ್ 24ಕ್ಕೇ ಸಿದ್ಧ, ಅಂದರೆ ಆರು ತಿಂಗಳೊಳಗೆ. ನಿರ್ದೇಶಕ ಇಶಿರೋ ಹೋಂಡಾ ಜಾಗಕ್ಕೆ ಮೊಟೊಯೊಶಿ ಓಡಾ ಬಂದರು, ಸಂಗೀತಕ್ಕೆ ಇಫುಕುಬೆ ಬದಲು ಮಸಾರು ಸಾಟೋ. ದೈತ್ಯನ ದಿರಿಸಿನೊಳಗೆ ಹಾರುವೊ ನಕಾಜಿಮಾ, ಎದುರಾಳಿ ಆಂಗಿರಸ್ ಒಳಗೆ ಕತ್ಸುಮಿ ತೆಜುಕಾ. ಕಾದಾಟ ಚಿತ್ರಿಸುವಾಗ ಒಂದು ಕ್ಯಾಮೆರಾ ತಪ್ಪಿ ಬೇರೆ ವೇಗದಲ್ಲಿ ಓಡಿತು. ತೆರೆಯ ಮೇಲೆ ದೈತ್ಯರು ಭಾರವಾಗಿ ನಡೆಯುವ ಬದಲು ಸರಸರ ಎಗರಿದರು. ವಿಶೇಷ ದೃಶ್ಯಗಳ ಗುರು ಎಯ್ಜಿ ತ್ಸುಬುರಾಯಾ ಅದನ್ನೇ ಮೆಚ್ಚಿ ಉಳಿಸಿಕೊಂಡರು. ಅಮೆರಿಕದಲ್ಲಿ 1959ರಲ್ಲಿ ಬಿಡುಗಡೆಯಾದಾಗ ಗಾಡ್ಜಿಲ್ಲಾ ಎಂಬ ಹೆಸರನ್ನೇ ತೆಗೆದು ‘ಗಿಗಾಂಟಿಸ್’ ಎಂದು ಕರೆದರು.

ಜಪಾನಿಗರು ದೈತ್ಯನನ್ನು ಉಳಿಸಿಕೊಂಡು ತಂತ್ರಜ್ಞರನ್ನು ಬದಲಿಸಿದರು. ವಾಸು ಮಾಡಿದ್ದು ಉಲ್ಟಾ. ನಿರ್ದೇಶಕ ಅವರೇ, ಸಂಗೀತ ಗುರುಕಿರಣ್ ಅವರದೇ, ಡಾಕ್ಟರೂ ಅದೇ ವಿಜಯ್, ಅವಿನಾಶ್ ಅವರ ಆಚಾರ್ಯ ಪಾತ್ರವೂ ಮರಳಿತು. ನಿರ್ಮಾಪಕರು ಮಾತ್ರ ದ್ವಾರಕೀಶ್ ಅಲ್ಲ, ಕೃಷ್ಣ ಪ್ರಜ್ವಲ್. ಇಲ್ಲದಿದ್ದವರು ನಾಗವಲ್ಲಿಯಾಗಿದ್ದ ಸೌಂದರ್ಯ.

ಪಟ, ಹಾವು, ರಾಜ

ಸೌಂದರ್ಯ ಇಲ್ಲದ ಕೊರತೆಯನ್ನು ವಾಸು ಮೂರು ವಸ್ತುಗಳಿಂದ ತುಂಬಲು ಹೋದರು. ಮೊದಲನೆಯದು ನಾಗವಲ್ಲಿಯ ಚಿತ್ರಪಟ. ಅದು ಇನ್ನೊಂದು ಮನೆ ಸೇರುತ್ತದೆ, ಕಾಟ ಶುರುವಾಗುತ್ತದೆ. ಯಾರ ಮೇಲೆ ಬಂದಿದೆ ಎಂಬ ಅನುಮಾನ ಸಂಧ್ಯಾ ಪಾತ್ರದ ಕಡೆ ತಿರುಗಿ, ಕೊನೆಗೆ ವಿಮಲಾ ರಾಮನ್ ಪಾತ್ರದಲ್ಲಿ ನಿಲ್ಲುತ್ತದೆ. ಸಿಡ್ನಿಯಲ್ಲಿ ಹುಟ್ಟಿದ ವಿಮಲಾ ಭರತನಾಟ್ಯ ಕಲಿತವರು, ಪಾತ್ರಕ್ಕೆ ಅದು ಒದಗಿತು.

ಎರಡನೆಯದು ಗ್ರಾಫಿಕ್ಸಿನ ದೈತ್ಯ ಸರ್ಪ. ಚಿತ್ರದ ದುರ್ಬಲ ಭಾಗ ಇದೇ. ನಕಾಜಿಮಾ ದಿರಿಸಿನೊಳಗೆ ಬೆವರಿದ್ದಾದರೂ ಗಾಡ್ಜಿಲ್ಲಾಗೆ ಮೈತೂಕ ಕೊಟ್ಟಿತ್ತು. ಈ ಹಾವಿಗೆ ನೆಲದ ಮೇಲೆ ಭಾರವೇ ಬೀಳುವುದಿಲ್ಲ.

ಮೂರನೆಯದು ರಾಜ. ಮೊದಲ ಭಾಗದಲ್ಲಿ ವೇಷವಾಗಿದ್ದವನು ಇಲ್ಲಿ ನಿಜಕ್ಕೂ ಬದುಕಿದ್ದಾನೆ, ನೂರು ದಾಟಿದರೂ ಸತ್ತಿಲ್ಲ. ಮನೋವೈದ್ಯದಿಂದ ಮಂತ್ರಕ್ಕೆ ಚಿತ್ರ ಜಾರಿದ್ದು ಇಲ್ಲೇ. ‘ಆಪ್ತಮಿತ್ರ’ದ ಅರ್ಧ ಗೌರವ ಅದರ ತರ್ಕಕ್ಕೆ ಸಲ್ಲಬೇಕಾದದ್ದು, ಅದನ್ನು ಎರಡನೇ ಭಾಗ ಬಿಟ್ಟುಕೊಟ್ಟಿತು. ಆದರೆ ಬದಲಿಗೆ ಸಿಕ್ಕದ್ದು ಕಡಿಮೆಯದಲ್ಲ. ಒಂದೆಡೆ ದನಿ ಎತ್ತದ ಡಾಕ್ಟರ್, ಇನ್ನೊಂದೆಡೆ ಕತ್ತಿ ಹಿಡಿದ ಕಾಮಿ. ಎರಡೂ ಒಬ್ಬನೇ ನಟ, ಅದೂ ಅರವತ್ತರ ಅಂಚಿನಲ್ಲಿ.

ಎರಡನೇ ಸಾವು, ಮತ್ತು ಶಾಪದ ಮಾತು

2009ರ ಡಿಸೆಂಬರ್ 30ರ ನಸುಕಿನಲ್ಲಿ ವಿಷ್ಣುವರ್ಧನ್ ಮೈಸೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಎರಡು ತಿಂಗಳೂ ತುಂಬುವ ಮೊದಲೇ ಚಿತ್ರ ಬಂತು. ಆ ಸಾಲಿನ ರಾಜ್ಯ ಪ್ರಶಸ್ತಿಯಲ್ಲಿ ಅತ್ಯುತ್ತಮ ನಟನ ಗೌರವ ಮರಣೋತ್ತರವಾಗಿ ಅವರಿಗೇ ಸಂದಿತು.  ಅವರು ನಟಿಸಿದ, ದಿನೇಶ್ ಬಾಬು ನಿರ್ದೇಶನದ ‘ಸ್ಕೂಲ್ ಮಾಸ್ಟರ್’ ಕೂಡ 2010ರಲ್ಲೇ ಬಿಡುಗಡೆಯಾಯಿತು.

ಮೊದಲ ಭಾಗಕ್ಕೆ ನಾಯಕಿ, ಎರಡನೆಯದಕ್ಕೆ ನಾಯಕ ಎಂದು ಕೂಡಿಸಿದವರು ‘ನಾಗವಲ್ಲಿ ಶಾಪ’ ಕಟ್ಟಿದರು. ಟಿವಿ ಚಾನೆಲ್ಲುಗಳಿಗೂ ಅದು ಒಳ್ಳೆಯ ಸರಕು. ಆದರೆ ಈ ಪಾತ್ರವನ್ನು, ಇದರ ಬೇರೆ ಬೇರೆ ರೂಪಗಳನ್ನು ಮಾಡಿದವರ ಪಟ್ಟಿ ಉದ್ದವಿದೆ: ಮಲಯಾಳಂನ ಶೋಭನಾ, ತಮಿಳಿನ ಜ್ಯೋತಿಕಾ, 2007ರ ಹಿಂದಿ ‘ಭೂಲ್ ಭುಲಯ್ಯಾ’ದ ವಿದ್ಯಾ ಬಾಲನ್, ಕನ್ನಡದ ವಿಮಲಾ ರಾಮನ್. ‘ಆಪ್ತರಕ್ಷಕ’ವನ್ನೇ ವಾಸು 2010ರ ಡಿಸೆಂಬರಿನಲ್ಲಿ ವೆಂಕಟೇಶ್ ಜೊತೆ ತೆಲುಗಿನ ‘ನಾಗವಲ್ಲಿ’ ಮಾಡಿದಾಗ ನರ್ತಕಿಯಾದವರು ನಮ್ಮ ಮಂಗಳೂರಿನ ಅನುಷ್ಕಾ ಶೆಟ್ಟಿ. ಎಲ್ಲರೂ ಆಮೇಲೆಯೂ ತಮ್ಮ ಪಾಡಿಗೆ ದುಡಿದರು. ಸಣ್ಣ ವಿಮಾನ ಬಿದ್ದದ್ದಕ್ಕೂ ಹೃದಯ ನಿಂತದ್ದಕ್ಕೂ ಚಿತ್ರಪಟವನ್ನು ಹೊಣೆ ಮಾಡುವುದು, ಡಾಕ್ಟರ್ ವಿಜಯ್ ಮೊದಲ ಭಾಗದಲ್ಲಿ ಬಿಡಿಸಿ ಹೇಳಿದ್ದೇ ಅರ್ಥವಾಗಿಲ್ಲ ಎನ್ನುವುದಕ್ಕೆ ಸಾಕ್ಷಿ.

ಆಮೇಲೆ

2016ರ ಅಕ್ಟೋಬರಿನಲ್ಲಿ ಕೋಡಿ ರಾಮಕೃಷ್ಣ ನಿರ್ದೇಶನದ ‘ನಾಗರಹಾವು’ ಬಂತು. 1972ರಲ್ಲಿ ಪುಟ್ಟಣ್ಣ ಕಣಗಾಲರು ವಿಷ್ಣುವರ್ಧನ್ ಅವರನ್ನು ನಾಯಕನಾಗಿಸಿದ ಚಿತ್ರದ್ದೇ ಹೆಸರು, ಕಥೆ ಬೇರೆ. ಇಲ್ಲಿಯೂ ಗ್ರಾಫಿಕ್ಸಿನ ಹಾವು, ಜೊತೆಗೆ ಕಂಪ್ಯೂಟರಿನಲ್ಲಿ ಮರುಸೃಷ್ಟಿಸಿದ ವಿಷ್ಣುವರ್ಧನ್ ಮುಖ. ಅಭಿಮಾನಿಗಳು ಶಿಳ್ಳೆ ಹೊಡೆದರು, ನಟನೆ ಮಾತ್ರ ಅಲ್ಲಿರಲಿಲ್ಲ.

ಈ ಸರಣಿ ನೋಡದವರು ‘ಆಪ್ತಮಿತ್ರ’ದಿಂದಲೇ ಶುರುಮಾಡಿ. ಎರಡನೆಯದನ್ನು ಹಾವಿಗಾಗಿ ನೋಡಬೇಡಿ, ರಾಜನಿಗಾಗಿ ನೋಡಿ.