ಸ್ವತಂತ್ರ ಛಾಯಾಗ್ರಹಣ: ಕಲಿಕೆ, ಕಸುಬು ಮತ್ತು ಹಕ್ಕು

ಪತ್ರಿಕೆಯ ಅಥವಾ ಸ್ಟುಡಿಯೋದ ಸಂಬಳಕ್ಕೆ ಒಳಪಡದೆ, ಕೆಲಸ ಒದಗಿದಂತೆ ಚಿತ್ರ ತೆಗೆದುಕೊಟ್ಟು ಸಂಭಾವನೆ ಪಡೆಯುವವರು ಸ್ವತಂತ್ರ ಛಾಯಾಗ್ರಾಹಕರು. ಕಲ್ಯಾಣದಿಂದ ಕಸಾರಾ ಮಾರ್ಗದ ಮೊದಲ ನಿಲ್ದಾಣವಾದ ಶಹಾಡ್ ಮತ್ತು ಅದರ ಸುತ್ತಮುತ್ತ ಕ್ಯಾಮೆರಾವನ್ನೇ ಜೀವನೋಪಾಯವಾಗಿಸಿಕೊಳ್ಳಬಯಸುವ ನಮ್ಮ ಯುವಜನರಿಗೆ ಈ ಕಸುಬಿನ ಸ್ಥೂಲ ಪರಿಚಯ ಇಲ್ಲಿದೆ.

ಕನ್ನಡಿಗರ ಮೇಲ್ಪಂಕ್ತಿ

ಈ ಕ್ಷೇತ್ರದಲ್ಲಿ ಮೊದಲು ನೆನೆಯಬೇಕಾದ ಹೆಸರು ಟಿ.ಎಸ್. ಸತ್ಯನ್ (1923–2009) ಅವರದು. ಮೈಸೂರಿನಲ್ಲಿ ಜನಿಸಿದ ಅವರು ಬೆಂಗಳೂರಿನ ಡೆಕ್ಕನ್ ಹೆರಾಲ್ಡ್ ಮತ್ತು ಮುಂಬಯಿಯ ಇಲಸ್ಟ್ರೇಟೆಡ್ ವೀಕ್ಲಿಯಲ್ಲಿ ದುಡಿದು, ಬಳಿಕ ಸ್ವತಂತ್ರ ವೃತ್ತಿಯನ್ನು ಆಯ್ದುಕೊಂಡರು. ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆಗಳಿಗಾಗಿಯೂ ಚಿತ್ರಗಳನ್ನು ತೆಗೆದರು. 1977ರಲ್ಲಿ ಪದ್ಮಶ್ರೀ ಗೌರವ ಸಂದಿತು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಮಕ್ಕಳನ್ನು ಕುರಿತ ಅವರ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಅವರ ಆತ್ಮಕಥನ ‘ಕಾಲಕ್ಕೆ ಕನ್ನಡಿ’. ಸಾಮಾನ್ಯ ಜನರ ದಿನನಿತ್ಯದ ಬದುಕೇ ಅವರ ಮುಖ್ಯ ವಸ್ತುವಾಗಿತ್ತು.

ಕಲಿಕೆ

ಬೆಳಕು ಒಳಬರುವ ಕಿಂಡಿಯ ಅಳತೆ (ಅಪರ್ಚರ್), ಅದು ತೆರೆದಿರುವ ಅವಧಿ (ಶಟರ್ ವೇಗ), ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಪ್ರಮಾಣ (ಐಎಸ್‌ಒ): ಈ ಮೂರರ ಹೊಂದಾಣಿಕೆಯೇ ಮೊದಲ ಪಾಠ. ಇದನ್ನು ಅಭ್ಯಾಸ ಮಾಡಲು ದೂರ ಹೋಗಬೇಕಾಗಿಲ್ಲ. ಶಹಾಡಿನ ಬಿರ್ಲಾ ವಿಠ್ಠಲ ಮಂದಿರದ ಹೊರನೋಟವನ್ನು ಮುಂಜಾನೆ, ಮಧ್ಯಾಹ್ನ, ಮುಸ್ಸಂಜೆಗಳಲ್ಲಿ ಒಂದೇ ಸ್ಥಳದಲ್ಲಿ ನಿಂತು ತೆಗೆದರೆ ಬೆಳಕಿನ ಸ್ವಭಾವ ತಿಳಿಯುತ್ತದೆ. ನಮ್ಮ ಯಕ್ಷಗಾನ ಪ್ರದರ್ಶನಗಳಂತೂ ಕಠಿಣ ಪರೀಕ್ಷೆಯೇ ಸರಿ. ದಿಗಿಣ ಹಾಕುವ ವೇಷವನ್ನು ಸ್ಫುಟವಾಗಿ ಹಿಡಿಯಲು ಸೆಕೆಂಡಿನ 1/500 ಭಾಗದಷ್ಟು ವೇಗ ಬೇಕಾದೀತು. 1/60ಕ್ಕೆ ಇಳಿಸಿದರೆ ಚಲನೆಯು ಮಸುಕಾಗಿ ಮೂಡುತ್ತದೆ. ಯಾವುದು ಬೇಕೆಂದು ನಿರ್ಧರಿಸುವುದೇ ಕಲೆ.

ಮುಂಬಯಿ ಪ್ರದೇಶದ ಮಳೆಗಾಲದ ತೇವಕ್ಕೆ ಲೆನ್ಸ್‌ಗಳಲ್ಲಿ ಬೂಷ್ಟು ಹಿಡಿಯುವುದುಂಟು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗೆ ಅವುಗಳನ್ನಿಡುವುದು ಕ್ಷೇಮ.

ಬಂಡವಾಳ

2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50,000 ರೂ.ವರೆಗೆ, ‘ಕಿಶೋರ’ ವಿಭಾಗದಲ್ಲಿ 5 ಲಕ್ಷ ರೂ.ವರೆಗೆ ಅಡಮಾನವಿಲ್ಲದೆ ಸಾಲ ಪಡೆಯಲು ಅವಕಾಶವಿದೆ. ಆದರೆ ಮದುವೆಯ ಮುಹೂರ್ತಗಳಿಲ್ಲದ ತಿಂಗಳಲ್ಲೂ ಕಂತು ತಪ್ಪುವುದಿಲ್ಲ ಎಂಬುದನ್ನು, ಬ್ಯಾಂಕಿನ ಮೇಜಿನ ಈಚೆ ಬದಿಯಲ್ಲಿ ಕುಳಿತವನಾಗಿ, ನೆನಪಿಸಬಯಸುತ್ತೇನೆ. ಕೆಲವು ತಿಂಗಳ ಖರ್ಚನ್ನು ಕೂಡಿಟ್ಟು, ಸಾಧ್ಯವಾದರೆ ಬಳಸಿದ ಕ್ಯಾಮೆರಾದಿಂದಲೇ ಆರಂಭಿಸುವುದು ವಿವೇಕ.

ಚಿತ್ರದ ಒಡೆತನ

ಹೊಸಬರು ಹೆಚ್ಚಾಗಿ ಅಲಕ್ಷಿಸುವ ವಿಷಯ ಇದು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಚಿತ್ರ ತೆಗೆದವರೇ ಅದರ ಕರ್ತೃ. ಆದರೆ 17ನೆಯ ಕಲಮಿನಂತೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಹಣ ಕೊಟ್ಟು ಚಿತ್ರ ತೆಗೆಸಿದವರೇ ಕೃತಿಸ್ವಾಮ್ಯದ ಮೊದಲ ಒಡೆಯರಾಗುತ್ತಾರೆ. ಅಂದರೆ, ಬರವಣಿಗೆಯ ಒಂದು ಕಾಗದವಿಲ್ಲದೆ ಮಾಡಿದ ಕೆಲಸದ ಚಿತ್ರವನ್ನು ನಾಳೆ ಪುಸ್ತಕಕ್ಕೋ ಪ್ರದರ್ಶನಕ್ಕೋ ಬಳಸಬೇಕಾದರೆ ಛಾಯಾಗ್ರಾಹಕನೇ ಅನುಮತಿ ಕೇಳಬೇಕಾದೀತು! ಸ್ವಂತ ಆಸಕ್ತಿಯಿಂದ ತೆಗೆದ ಚಿತ್ರಗಳ ಹಕ್ಕು ಮಾತ್ರ ಆತನದೇ. ಆ ಹಕ್ಕನ್ನು ಬೇರೆಯವರಿಗೆ ವರ್ಗಾಯಿಸುವ ಪತ್ರದಲ್ಲಿ ಅವಧಿಯನ್ನು ಹೇಳದಿದ್ದರೆ ಅದನ್ನು 5 ವರ್ಷವೆಂದು ಪರಿಗಣಿಸಲಾಗುತ್ತದೆ. 2012ರ ತಿದ್ದುಪಡಿಯ ನಂತರ ಛಾಯಾಚಿತ್ರಗಳ ಕೃತಿಸ್ವಾಮ್ಯವು ಕರ್ತೃವಿನ ಜೀವಿತಕಾಲ ಹಾಗೂ ಅನಂತರದ 60 ವರ್ಷಗಳವರೆಗೆ ಇರುತ್ತದೆ.

ಆದ್ದರಿಂದ ಪರಿಚಯದವರ ಮನೆಯ ಕಾರ್ಯವೇ ಆಗಿರಲಿ, ಸಂಭಾವನೆ, ಮುಂಗಡ, ಚಿತ್ರಗಳ ಬಳಕೆ ಮತ್ತು ಹಕ್ಕು ಇವಿಷ್ಟನ್ನು ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕುವುದು ಒಳಿತು. ಇದರಲ್ಲಿ ಸಂಕೋಚಪಡಬೇಕಾದುದಿಲ್ಲ. ಸಂಬಳವಾಗಲಿ ನಿವೃತ್ತಿವೇತನವಾಗಲಿ ಇಲ್ಲದ ಈ ಕಸುಬಿನಲ್ಲಿ, ದಿನಾಂಕ ಮತ್ತು ಸ್ಥಳದ ವಿವರದೊಂದಿಗೆ ಎರಡು ಕಡೆ ಜೋಪಾನವಾಗಿರಿಸಿದ, ಹಕ್ಕು ಸ್ಪಷ್ಟವಾಗಿರುವ ಚಿತ್ರಸಂಗ್ರಹವೇ ಛಾಯಾಗ್ರಾಹಕನ ನಿಜವಾದ ಠೇವಣಿ.