ಪುತ್ತೂರು–ಸುಳ್ಯ–ಕಡಬ ಸೀಮೆಯ ಸಿಹಿ ಅಡುಗೆ

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಈ ಎರಡರ ಹಳ್ಳಿಗಳಿಂದ ಇತ್ತೀಚೆಗೆ ರೂಪುಗೊಂಡ ಕಡಬ ತಾಲೂಕುಗಳಲ್ಲಿ ಬಳಕೆಯಲ್ಲಿರುವ ಸಿಹಿ ತಿನಿಸುಗಳ ಪರಂಪರೆ. ಅಡಕೆ ತೋಟದ ಒಳಗೆ, ಅಂಚಿನಲ್ಲಿ, ಗುಡ್ಡದಲ್ಲಿ ಏನು ಬೆಳೆಯಿತೋ ಅದನ್ನೇ ನೆಚ್ಚಿಕೊಂಡ ಅಡುಗೆಯಿದು. ಖೋವಾಕ್ಕೆ ಇಲ್ಲಿ ಹೆಚ್ಚು ಕೆಲಸವಿಲ್ಲ. ಅಕ್ಕಿ, ಬೆಲ್ಲ, ತೆಂಗಿನಕಾಯಿ ಇದ್ದರೆ ಹಬ್ಬ ನಡೆಯುತ್ತದೆ. ಕಡಲೆಬೇಳೆ ಪಾಯಸಕ್ಕೆ ನೀರಾದ ಕಾಯಿಹಾಲು ಮೊದಲು, ದಪ್ಪ ಹಾಲು ಕಟ್ಟಕಡೆಗೆ. ಅದು ಕುದಿದರೆ ಒಡೆಯುತ್ತದೆ. ಹವ್ಯಕರ ಊಟದಲ್ಲಿ ಹೋಳಿಗೆಗೂ ಕಾಯಿಹಾಲೇ ಜೊತೆ.

ತುಳು, ಹವ್ಯಕ ಕನ್ನಡ, ಅರೆಭಾಷೆ, ಕೊಂಕಣಿ, ಮಲಯಾಳ, ಬ್ಯಾರಿ ಒಟ್ಟಿಗೆ ಬಾಳುವ ಸೀಮೆಯಾದ್ದರಿಂದ ತಿಂಡಿಯ ಹೆಸರು ಮನೆಯಿಂದ ಮನೆಗೆ ಬದಲಾಗುತ್ತದೆ. ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ್ದು ತುಳುವರಿಗೆ ಗಟ್ಟಿ, ಹವ್ಯಕರಿಗೆ ಕೊಟ್ಟಿಗೆ. ಅರಸಿನ ಎಲೆಯಲ್ಲಿ ಮಡಿಸಿದರೆ ಕೊಂಕಣಿಗರ ಪತ್ತೋಳಿ. ಕುಕ್ಕೆ ಸುಬ್ರಹ್ಮಣ್ಯದ ಈ ನಾಡಿನಲ್ಲಿ ನಾಗರಪಂಚಮಿಗೆ ಅರಸಿನ ಎಲೆಯ ಕಡುಬು ಆಗಲೇಬೇಕು. ಮಳೆಗೆ ಅರಸಿನ ಸೊಂಪಾಗಿ ಎಲೆ ಬಿಡುವುದೂ ಆಗಲೇ. ಇಲ್ಲಿ ಎಲೆಯೇ ಮಸಾಲೆ. ಅಡಕೆ ಮರಕ್ಕೆ ಹಬ್ಬಿದ ಕಾಳುಮೆಣಸು ಕಷಾಯಕ್ಕೂ ಬೆಲ್ಲದ ಪಾನಕಕ್ಕೂ ಹೋಗುತ್ತದೆಯೇ ಹೊರತು ಪಾಯಸದ ಹತ್ತಿರ ಬರುವುದಿಲ್ಲ. ಅಲ್ಲಿ ಏಲಕ್ಕಿಯದೇ ಯಜಮಾನಿಕೆ.

ಸಿಹಿಯ ಮೂಲ ಹಲಸು. ಗಟ್ಟಿ ಸೊಳೆಯ ಬಕ್ಕೆ ಹಾಗೇ ತಿನ್ನುವುದಕ್ಕೆ; ಮೆತ್ತನೆಯ ತುಳುವ ಅಡುಗೆಗೆ. ನೆನೆಸಿದ ಅಕ್ಕಿ, ಬೆಲ್ಲ, ಕಾಯಿತುರಿ, ಚಿಟಿಕೆ ಉಪ್ಪಿನೊಂದಿಗೆ ಹಣ್ಣನ್ನು ರುಬ್ಬಿ, ಬಾಳೆ ಅಥವಾ ಸಾಗುವಾನಿ ಎಲೆಯಲ್ಲಿ ಕಟ್ಟಿ, ಹಬೆಪಾತ್ರೆಯಾದ ಅಟ್ಟಿನಳಗೆಯಲ್ಲಿ ಬೇಯಿಸುತ್ತಾರೆ. ಸಾಗುವಾನಿ ಎಲೆ ಬಿಟ್ಟ ಕೆಂಪು ಬಣ್ಣ ಕೊಟ್ಟಿಗೆಗೆ ಅಂಟಿಕೊಳ್ಳುತ್ತದೆ. ತುಪ್ಪ ಹಾಕಿ ಬಿಸಿಯಾಗಿ ತಿನ್ನಬೇಕು. ಹಣ್ಣನ್ನು ಬೆಲ್ಲದೊಡನೆ ಗಂಟೆಗಟ್ಟಲೆ ಕಾಸಿ, ನೀರಿನ ಪಸೆ ಆರಿಸಿದರೆ ಬೆರಟಿ. ಕೈ ಬಿಡದೆ ಮಗುಚುವ ಈ ಕೆಲಸಕ್ಕೆ ತೋಳಿನಲ್ಲಿ ಬಲ ಬೇಕು. ಭರಣಿಯಲ್ಲಿ ತುಂಬಿಟ್ಟ ಬೆರಟಿ ಹಲಸಿಲ್ಲದ ಕಾಲದಲ್ಲಿ ಕಾಯಿಹಾಲು ಸೇರಿ ಪಾಯಸವಾಗುತ್ತದೆ. ಮಲಯಾಳದ ‘ಚಕ್ಕ ವರಟ್ಟಿ’ ಇದರದೇ ಒಡಹುಟ್ಟು. ಹೆಸರಿನಲ್ಲಿ ವಕಾರ ಬಕಾರವಾಗಿದೆ. ರಾಶಿ ಬಿದ್ದು ಕೊಳೆಯುತ್ತಿದ್ದ ಹಲಸಿಗೆ ಮತ್ತೆ ಮರ್ಯಾದೆ ತಂದುದರಲ್ಲಿ 1988ರಿಂದ ಪುತ್ತೂರಿನಲ್ಲಿ ಪ್ರಕಟವಾಗುತ್ತಿರುವ ‘ಅಡಿಕೆ ಪತ್ರಿಕೆ’ ಮತ್ತು ಪತ್ರಕರ್ತ ಶ್ರೀ ಪಡ್ರೆ ಅವರ ಪಾಲು ದೊಡ್ಡದು.

ಕಬ್ಬು ಈ ಸೀಮೆಯ ಬೆಳೆಯಲ್ಲ. ಬೆಲ್ಲ ಘಟ್ಟದ ಮೇಲಿಂದ ಇಳಿಯುತ್ತದೆ. ತಾಳೆಯ ಓಲೆಬೆಲ್ಲ ಕರಾವಳಿಯ ಹಳೆಯ ಸಿಹಿ.

ಹೊರಗಿನಿಂದ ಬಂದ ಗಿಡಗಳ ಹಣೆಬರಹ ಒಂದೇ ತರಹ ಇಲ್ಲ. ಬ್ರೆಜಿಲಿನ ಗೇರನ್ನು ಪೋರ್ಚುಗೀಸರು 16ನೇ ಶತಮಾನದಲ್ಲಿ ಭಾರತಕ್ಕೆ ತಂದರು. ಗುಡ್ಡಗಳಲ್ಲಿ ನೆಲೆಯೂರಿದ ಅದು ಎಷ್ಟು ಊರಿನದಾಯಿತೆಂದರೆ ಗೇರುಬೀಜವಿಲ್ಲದ ಪಾಯಸವನ್ನು ಇವತ್ತು ಯಾರೂ ಪಾಯಸವೆನ್ನರು. 1986ರಲ್ಲಿ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರ ಸ್ಥಾಪನೆಯಾದುದೂ ಪುತ್ತೂರಿನಲ್ಲೇ.

ಹೊರಗಿನಿಂದ ಬಂದ ಇನ್ನೊಂದು ಗಿಡ ಕೊಕ್ಕೋ. ಅದೇ ವರ್ಷ ಪುತ್ತೂರಿನ ಕೆಮ್ಮಿಂಜೆಯಲ್ಲಿ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆ ಶುರುವಾಯಿತು. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಅಡಕೆಗಾಗಿ ಹುಟ್ಟಿದ ಈ ಸಹಕಾರಿ ಸಂಸ್ಥೆ, ಕೊಕ್ಕೋ ಬೆಲೆ ಕುಸಿದು ಕೊಳ್ಳುವವರಿಲ್ಲದಾದಾಗ ಬೆಳೆಗಾರರ ಕೈಹಿಡಿದು ಖರೀದಿಗಿಳಿದಿತ್ತು. ಅಡಕೆಯ ನೆರಳಿನಲ್ಲಿ ಹುಲುಸಾಗಿ ಬರುವ ಕೊಕ್ಕೋ ಇಷ್ಟಾಗಿಯೂ ಅಡುಗೆಮನೆಯ ಹೊಸ್ತಿಲು ದಾಟಿಲ್ಲ. ಹಸಿಬೀಜ ಚೀಲದಲ್ಲಿ ಖರೀದಿ ಕೇಂದ್ರಕ್ಕೆ ಹೋಗುತ್ತದೆ. ಕಾಯಿ ಒಡೆಯುವಾಗ ಬೀಜದ ಸುತ್ತಲಿನ ಹುಳಿಸಿಹಿ ಲೋಳೆಯನ್ನು ಮಕ್ಕಳು ಚೀಪುತ್ತಾರೆ.