ಗೋದಾಮಿನ ಮೇಲಿನ ಕೆಂಪು ಹೆಂಚು

ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಕರಾವಳಿಯ ಅಂಗಡಿ, ಗೋದಾಮುಗಳ ಮಾಡಿಗೆ ಸುಲಭವಾಗಿ ಒದಗುತ್ತಿದ್ದದ್ದು ಎರಡೇ ಬಗೆಯ ಹೊದಿಕೆ. ಒಂದು ಮುಳಿಹುಲ್ಲು ಅಥವಾ ತೆಂಗಿನ ಮಡಲು, ಇನ್ನೊಂದು ಕುಂಬಾರ ತಿಗರಿಯ ಮೇಲೆ ತಿರುಗಿಸಿ ಸೀಳಿದ ನಾಡಹೆಂಚು. ಹುಲ್ಲು ತಂಪು, ಅಗ್ಗ. ಆದರೆ ವರ್ಷಕ್ಕೊಮ್ಮೆ ಹೊಸದಾಗಿ ಹೊದೆಸಬೇಕು, ಮತ್ತು ಒಂದು ಕಿಡಿ ಸಾಕು, ಬೀದಿಯೇ ಉರಿದುಹೋಗಲು. ಅಕ್ಕಿ, ಮೆಣಸು, ಕಾಫಿ ತುಂಬಿಟ್ಟ ವ್ಯಾಪಾರಿಗೆ ಅದು ನಿದ್ದೆಗೆಡಿಸುವ ಮಾಡು. ನಾಡಹೆಂಚಿಗೆ ಬೆಂಕಿಯ ಭಯವಿಲ್ಲ. ಆದರೆ ಅದು ಒಂದರೊಳಗೊಂದು ಸಿಕ್ಕಿಕೊಳ್ಳುವುದಿಲ್ಲ. ಪದರದ ಮೇಲೆ ಪದರ ಹೊದೆಸಬೇಕು, ಭಾರ ಹೊರಲು ದಪ್ಪ ಮರ ಬೇಕು. ಕಾಗೆ, ಮಂಗ, ಗಾಳಿ ಯಾವುದು ಬಂದರೂ ಅದು ಜರುಗುತ್ತಿತ್ತು. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವುದು ಪ್ರತಿ ವರ್ಷದ ಖರ್ಚು. ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಮಂಗಳೂರಿನಂಥ ಊರಿನಲ್ಲಿ ಅದನ್ನು ತಪ್ಪಿಸುವಂತಿರಲಿಲ್ಲ. ಬಯಲುಸೀಮೆಯ ಮಣ್ಣಿನ ಮಾಳಿಗೆಯಂತೂ ಇಲ್ಲಿ ಒಂದು ಆಷಾಢವನ್ನೂ ತಡೆಯದು.

ಹುಲ್ಲು, ನಾಡಹೆಂಚುಗಳ ನಡುವೆ ಮೂರನೆಯ ದಾರಿ ತೆರೆದದ್ದು 1865ರಲ್ಲಿ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ 1834ರಲ್ಲಿ ಮಂಗಳೂರಿಗೆ ಬಂದಿತ್ತು. ಮತಾಂತರಗೊಂಡವರು ಹಳೆಯ ಕಸುಬು, ನೆಲೆ ಕಳೆದುಕೊಳ್ಳುತ್ತಿದ್ದುದರಿಂದ ಅವರಿಗೆ ದುಡಿಮೆ ಒದಗಿಸಲು ಮಿಷನ್ ನೇಯ್ಗೆ, ಮುದ್ರಣ ಮುಂತಾದ ಉದ್ಯೋಗಗಳನ್ನು ಆರಂಭಿಸಿತು. ಮುದ್ರಣಾಲಯದ ಕೆಲಸಕ್ಕೆಂದು ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ ಇಲ್ಲಿನ ಜೇಡಿಮಣ್ಣನ್ನು ಪರೀಕ್ಷಿಸಿ, ನೇತ್ರಾವತಿಯ ದಡದಲ್ಲಿ, ಜೆಪ್ಪು ಬಳಿ ಹೆಂಚಿನ ಕಾರ್ಖಾನೆ ಹಾಕಿದ. ಒಂದು ಜೋಡಿ ಎತ್ತು, ಇಬ್ಬರು ಆಳು, ದಿನಕ್ಕೆ 560 ಹೆಂಚು: ಆರಂಭ ಇಷ್ಟೇ ಎಂದು ದಾಖಲೆ. ಹೆಂಚಿನ ಮಾದರಿ ಮಾತ್ರ ಅವನದಲ್ಲ. ಅಂಚಿನ ತೋಡುಗಳು ಒಂದಕ್ಕೊಂದು ಕಚ್ಚಿಕೊಳ್ಳುವ ಚಪ್ಪಟೆ ಹೆಂಚನ್ನು ಅಲ್ಸಾಸ್‌ನ ಜಿಲಾರ್ಡೋನಿ ಸಹೋದರರು 1840ರ ದಶಕದಲ್ಲೇ ರೂಪಿಸಿದ್ದರು.

ಈ ಹೆಂಚಿನ ಗುಟ್ಟು ಅದರ ಅಳತೆಯಲ್ಲಿದೆ. ಅಚ್ಚಿನಲ್ಲಿ ಒತ್ತಿದ ಒಂದೊಂದೂ ಒಂದೇ ಗಾತ್ರ, ಸುಮಾರು ಎರಡೂವರೆ ಕಿಲೋ ತೂಕ. ಹಿಂಬದಿಯ ಕೊಕ್ಕೆ ರೀಪಿಗೆ ಆತುಕೊಳ್ಳುತ್ತದೆ, ಪಕ್ಕದ ತೋಡು ನೀರನ್ನು ಕೆಳಗಿನ ಹೆಂಚಿಗೆ ದಾಟಿಸುತ್ತದೆ; ಗಾರೆ ಬೇಡ, ಮೊಳೆ ಬೇಡ. ಒಂದೇ ಪದರ ಸಾಕಾದ್ದರಿಂದ ಮಾಡು ಹಗುರ, ಪಕ್ಕಾಸು ಸಣ್ಣದು. ನೂರು ಚದರಡಿಗೆ ಸುಮಾರು 150 ಹೆಂಚು ಎಂದು ಬೆರಳೆಣಿಸಿಯೇ ಲೆಕ್ಕ ಹಾಕಬಹುದಿತ್ತು. ಕುಂಬಾರನ ಹೆಂಚಿಗೆ ಇಂಥ ಲೆಕ್ಕ ಸಾಧ್ಯವಿರಲಿಲ್ಲ. ಗೋದಾಮು, ರೈಲು ನಿಲ್ದಾಣ, ಕಾರ್ಖಾನೆ ಕಟ್ಟುವವರಿಗೆ ಇದಕ್ಕಿಂತ ಬೇಕಾದದ್ದೇನು? ಹೆಂಚುಗಳ ಸಂದಿನಿಂದ ಬಿಸಿಗಾಳಿ ಹೊರಹೋಗುವುದರಿಂದ ಒಳಗಿನ ಸರಕು ಬೇಯುತ್ತಿರಲಿಲ್ಲ. ಕತ್ತಲ ಮೂಲೆಗೆ ಅದೇ ಅಳತೆಯ ಗಾಜಿನ ಹೆಂಚು ಕೂರಿಸಿದರೆ ಹಗಲಿಡೀ ಬೆಳಕು.

ಕೆಲವೇ ವರ್ಷಗಳಲ್ಲಿ ಊರಿನ ಉದ್ಯಮಿಗಳೂ ಕಾರ್ಖಾನೆ ತೆರೆದರು. ಶತಮಾನ ಮುಗಿಯುವಷ್ಟರಲ್ಲಿ ನೇತ್ರಾವತಿ, ಗುರುಪುರ ಹೊಳೆಗಳ ದಡದಲ್ಲಿ ಹೊಗೆಗೂಡುಗಳ ಸಾಲೇ ಎದ್ದಿತ್ತು. ಗದ್ದೆಯ ಮಣ್ಣು, ಸೌದೆ ದೋಣಿಯಲ್ಲಿ ಬರುತ್ತಿತ್ತು, ಸುಟ್ಟ ಹೆಂಚು ಬಂದರಿನಿಂದ ಮುಂಬೈಗೂ ಕಡಲಾಚೆಗೂ ಹೋಗುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಮಿಷನ್ನಿನ ಕಾರ್ಖಾನೆಗಳನ್ನು ಸರಕಾರ ವಶಪಡಿಸಿಕೊಂಡಿತು, ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಕೈಸೇರಿದವು. ಹೆಂಚಿನ ಬೆನ್ನಿನ ಮೇಲೆ 1865 ಎಂದಿರುವುದನ್ನು ನೋಡಿ ತಮ್ಮ ಕಟ್ಟಡ ಅಷ್ಟು ಹಳೆಯದೆಂದು ಹೆಮ್ಮೆಪಡುವವರು ಈಗಲೂ ಇದ್ದಾರೆ. ಅದು ಕಾರ್ಖಾನೆ ಹುಟ್ಟಿದ ವರ್ಷ, ಹೆಂಚು ಸುಟ್ಟ ವರ್ಷವಲ್ಲ.

ಪೈಪೋಟಿಗೆ ಬಂದ ಅಲೆಯಲೆಯ ಸತುವು ಲೇಪಿತ ತಗಡು ಬೇಗ ಕೂರುತ್ತಿತ್ತು, ಆದರೆ ಬಿಸಿಲಿಗೆ ಕಾದು, ಮಳೆಗೆ ತಮಟೆಯಾಗಿ, ಕಡಲಗಾಳಿಗೆ ತುಕ್ಕು ಹಿಡಿಯುತ್ತಿತ್ತು. ನಿಜವಾದ ಎದುರಾಳಿ ಕಲ್ನಾರು ಸಿಮೆಂಟಿನ ಶೀಟು. ತುಕ್ಕಿಲ್ಲ, ಬೆಂಕಿಯಿಲ್ಲ, ರೀಪಿನ ಸಾಲೂ ಬೇಡ. ಅದರ ನಾರಿನ ಧೂಳು ಶ್ವಾಸಕೋಶಕ್ಕೆ ಮಾಡುವ ಕೇಡು ಕೊಳ್ಳುವವರ ಲೆಕ್ಕಕ್ಕೆ ಬಂದದ್ದು ಬಹಳ ತಡವಾಗಿ.

ಆದರೂ ಹೆಂಚನ್ನು ಪೇಟೆಯಿಂದ ಇಳಿಸಿದ್ದು ಶೀಟಲ್ಲ, ಕಾಂಕ್ರೀಟಿನ ತಾರಸಿ. ಕಾಡಿನ ಕಾನೂನು ಬಿಗಿಯಾಗಿ ಮರ ದುಬಾರಿಯಾದಾಗ ಪಕ್ಕಾಸು, ರೀಪುಗಳ ಖರ್ಚೇ ಹೆಂಚಿನ ಬೆಲೆಯನ್ನು ಮೀರಿತು. ಅದಕ್ಕಿಂತ ದೊಡ್ಡ ಕಾರಣ ಪೇಟೆಯ ನೆಲದ ಬೆಲೆ. ಇಳಿಜಾರು ಮಾಡಿನ ಮೇಲೆ ಇನ್ನೊಂದು ಅಂತಸ್ತು ಏರಿಸಲಾಗದು. ತಾರಸಿಯ ಮೇಲೆ ಕಂಬಿಗಳನ್ನು ಚಾಚಿಬಿಟ್ಟರೆ ನಾಳೆಯ ಅಂಗಡಿಗೆ ಜಾಗ ಕಾದಿರಿಸಿದಂತೆ. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಈಗ ಕರಾವಳಿಯ ಆ ತಾರಸಿಗಳು ಸೋರತೊಡಗಿದಾಗ, ಅವುಗಳ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಬಣ್ಣದ ತಗಡಿನ ಇಳಿಜಾರು ಹೊದೆಸುತ್ತಾರೆ. ಆ ತಗಡಿಗೂ ಹಲವೆಡೆ ಹೆಂಚಿನ ಆಕಾರ, ಹೆಂಚಿನ ಕೆಂಪು.